ಮೊಂಡು ರಾಡಿನ ಹಿಟ್ಟು

ಪಕ್ಕದ ಮನೆಯ ಗಂಡಸು ಬೆಳಿಗ್ಗೆ ಮುಖ ತೊಳೆಯುವಾಗ ಜೋರಾಗಿ ಸೀನುತ್ತಾನೆ. ಒಂದಲ್ಲ, ಸಾಲಾಗಿ ನಾಲ್ಕೈದು. ಬೀದಿಯಲ್ಲಿ ಮಲಗಿದ ನಾಯಿ ಎದ್ದು ಕೂರುವಷ್ಟು ಜೋರು. ಅಂಥ ಸೀನಿಗೆ ಎಷ್ಟು ಉಸಿರು ಬೇಕು ಎಂಬುದು ನನಗೆ ಗೊತ್ತು. ಕೊನೆಯ ವರ್ಷದಲ್ಲಿ ನನ್ನ ಗಂಡನ ಹತ್ತಿರ ಒಂದು ಸೀನಿಗಾಗುವಷ್ಟು ಉಸಿರೂ ಇರಲಿಲ್ಲ. ಸೀನು ಬಂದಂತಾಗಿ ಮುಖ ಮೇಲೆತ್ತುತ್ತಿದ್ದರು, ಬಾಯಿ ತೆರೆಯುತ್ತಿದ್ದರು, ಅದು ಬರದೆ ಹಾಗೇ ಇಳಿದುಹೋಗುತ್ತಿತ್ತು. ಅವರು ಹೋಗಿ ಎರಡು ವರ್ಷವಾಯಿತು. ಪಕ್ಕದ ಮನೆಯ ಸೀನು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಇದಕ್ಕೆ ಬೇರೆ ಒಳ್ಳೆಯ ಮಾತು ಹುಡುಕಿ ನೋಡಿದೆ. ಸಿಗಲಿಲ್ಲ.

ಇಬ್ಬರೂ ಒಂದೇ ಬಂಡೆಯ ಮೇಲೆ ಕೆಲಸ ಮಾಡಿದವರು. ಕನಕಪುರದ ಆಚೆ, ನಮ್ಮೂರಿನಿಂದ ಬೈಕಿನಲ್ಲಿ ಕಾಲು ಗಂಟೆ ದೂರದ ಗ್ರಾನೈಟ್ ಕ್ವಾರಿ. ಬಂಡೆಯ ಮೇಲೆ ಸುಣ್ಣದ ದಾರದಿಂದ ಗೆರೆ ಹಾಕಿ, ಆ ಗೆರೆಯುದ್ದಕ್ಕೂ ಗೇಣಿಗೊಂದರಂತೆ ತೂತು ಕೊರೆಯುವುದು ಅವರ ಕೆಲಸ. ತೂತುಗಳು ನೆಟ್ಟಗೆ ಇಳಿದಿದ್ದರೆ ಬಂಡೆ ಒಣಸೌದೆಯಂತೆ ಗೆರೆ ಹಿಡಿದು ಸೀಳುತ್ತದೆ. ಕೊರೆಯುವ ಉಕ್ಕಿನ ಸಲಾಕೆಗೆ ಅವರು ರಾಡು ಎನ್ನುತ್ತಾರೆ. ರಾಡಿನ ತುದಿಯಲ್ಲಿ ಉಳಿಯ ಬಾಯಿಯಂಥ ಅಲಗು, ಉಕ್ಕಿಗಿಂತ ಗಟ್ಟಿಯಾದ ಲೋಹದ್ದು. ಗಾಳಿಯ ಮೆಷಿನ್ನು ಅದನ್ನು ಕುಟ್ಟುತ್ತದೆ, ಕುಟ್ಟುತ್ತಲೇ ತಿರುಗಿಸುತ್ತದೆ. ರಾಡಿನ ಒಳಗಿನ ಸಣ್ಣ ಕೊಳವೆಯಲ್ಲಿ ಗಾಳಿ ಇಳಿದು, ತೂತಿನ ತಳದಲ್ಲಿರುವ ಪುಡಿಯನ್ನು ಮೇಲಕ್ಕೆ ಊದುತ್ತದೆ. ಮೇಲೆ, ಮೆಷಿನ್ನಿನ ಹಿಡಿಯನ್ನು ಎದೆಗೊತ್ತಿಕೊಂಡು, ಮುಖ ಬಗ್ಗಿಸಿಕೊಂಡು ನಿಂತಿರುವವನು ಮನುಷ್ಯ.

ನಾನು ಊರಿನ ಹಿಟ್ಟಿನ ಮಿಲ್ಲು ನೋಡಿಕೊಳ್ಳುತ್ತೇನೆ. ಮಿಲ್ಲು ಹಾಕಿದವರು ನನ್ನ ಮಾವ. ಕೂಟಗಲ್ಲಿನ ತವರಿನಿಂದ ಪಿಯುಸಿ ಮುಗಿಸಿ ಸೊಸೆಯಾಗಿ ಬಂದ ವರ್ಷವೇ ಅವರು ನನ್ನನ್ನು ಬೀಸುವ ಕಲ್ಲಿನ ಮುಂದೆ ನಿಲ್ಲಿಸಿ, ಕೆಳಗೆ ಸುರಿಯುತ್ತಿದ್ದ ರಾಗಿ ಹಿಟ್ಟಿಗೆ ಕೈ ಒಡ್ಡಲು ಹೇಳಿದ್ದರು. "ಹೆಬ್ಬೆಟ್ಟು, ತೋರುಬೆಟ್ಟು ಮಧ್ಯ ಉಜ್ಜವ್ವ. ತರಿ ಸಿಕ್ಕುದ್ರೆ ಕಲ್ಲು ಮೊಂಡಾಗೈತೆ ಅಂತ. ಕುಟ್ಟಿಸಬೇಕು." ಬೀಸುವ ಕಲ್ಲಿನ ಮೈಯಲ್ಲಿ ಸಾಲು ಸಾಲಾಗಿ ಗೀರುಗಳಿರುತ್ತವೆ. ಅವು ಸವೆದರೆ ಹಿಟ್ಟು ಬಿಸಿಯಾಗಿ, ತರಿತರಿಯಾಗಿ ಬೀಳುತ್ತದೆ. ಉಳಿ ಹಿಡಿದು ಹೊಸದಾಗಿ ಗೀರು ಕುಟ್ಟಿಸಿದರೆ ಮರುದಿನವೇ ಹಿಟ್ಟು ತಣ್ಣಗೆ, ನುಣ್ಣಗೆ. ಹರಿತವಾದ ಕಲ್ಲಿಗೆ ನುಣ್ಣನೆ ಹಿಟ್ಟು, ಮೊಂಡು ಕಲ್ಲಿಗೆ ತರಿ. ನನ್ನ ಬೆರಳುಗಳು ಕಲಿತದ್ದು ಇದೊಂದನ್ನೇ. ಕಲಿತದ್ದು ತಪ್ಪಲ್ಲ. ಅದನ್ನು ತೆಗೆದುಕೊಂಡು ಹೋಗಿ ನಾನು ಬಂಡೆಯ ಮೇಲೆ ಇಟ್ಟೆ.

ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅವರು ಟವೆಲ್ಲಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡು ಬಂದರು.

"ಕೈ ಒಡ್ಡಮ್ಮಿ."

"ಏನದು?"

"ಒಡ್ಡು ಅಂದ್ರೆ ಒಡ್ಡು. ನಿನ್ ಮಿಲ್ಲಲ್ಲಿ ಇಷ್ಟು ನೈಸಾಗಿ ಬತ್ತದಾ?"

ಅಂಗೈ ಮೇಲೆ ಬೂದುಬಿಳಿ ಕಲ್ಲಿನ ಪುಡಿ. ಉಜ್ಜಿ ನೋಡಿದೆ. ಒಂದು ಕಣವೂ ಬೆರಳಿಗೆ ತಾಗಲಿಲ್ಲ, ಮಗುವಿನ ಕೆನ್ನೆಗೆ ಹಚ್ಚುವ ಪೌಡರಿನಂತೆ ಇತ್ತು. "ಬರಲ್ಲ. ನೀವೇ ಗೆದ್ರಿ," ಎಂದೆ. ಅವರ ಮುಖ ನೋಡಬೇಕಿತ್ತು. ಆಮೇಲೆ ಅದೊಂದು ಆಟವಾಯಿತು. ವಾರಕ್ಕೊಮ್ಮೆಯಾದರೂ ಟವೆಲ್ಲಿನ ಗಂಟು ಬರುತ್ತಿತ್ತು. ಮಿಲ್ಲಿನಲ್ಲಿ ಸರದಿ ಕಾಯುತ್ತಿದ್ದ ಹೆಂಗಸರಿಗೂ ತೋರಿಸುತ್ತಿದ್ದೆ. ನುಣ್ಣಗೆ ಬರುವುದೆಂದರೆ ಕೈ ಪಳಗಿದೆ, ಕೆಲಸ ಚೊಕ್ಕಟ ಎಂದು ನಾನು ತಿಳಿದದ್ದು. ಅವರೂ ಹಾಗೇ ತಿಳಿದರು. ಬೆಳಿಗ್ಗೆ ತೆಗೆದುಕೊಂಡ ರಾಡನ್ನು ಸಂಜೆಯವರೆಗೂ ಬದಲಾಯಿಸದೆ ಹೊಡೆಯುತ್ತಾನೆ, ಕಂಪನಿ ಸಾಮಾನು ಹಾಳು ಮಾಡುವುದಿಲ್ಲ ಎಂದು ಮೇಸ್ತ್ರಿ ನಾಲ್ಕು ಜನರ ಮುಂದೆ ಹೊಗಳಿದ್ದನ್ನೂ ಬಂದು ಹೇಳಿದ್ದರು.

ಪಕ್ಕದ ಮನೆಯವನದು ಬೇರೆ ರೀತಿ. ನನ್ನ ಗಂಡನಿಗಿಂತ ನಾಲ್ಕು ವರ್ಷ ಚಿಕ್ಕವನು, ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದ. ಮಧ್ಯಾಹ್ನದೊಳಗೆ ಎರಡು ಸಲ, ಆಮೇಲೆ ಎರಡು ಸಲ ರಾಡು ಹೆಗಲಿಗಿಟ್ಟುಕೊಂಡು ಬಂಡೆ ಇಳಿದು, ಸಾಣೆ ಹಿಡಿಯುವ ಶೆಡ್ಡಿಗೆ ಹೋಗಿ ಅಲಗು ಚೂಪು ಮಾಡಿಸಿಕೊಂಡು ಬರುತ್ತಿದ್ದ. "ಏನ್ಲಾ, ಸಾಣೆಗೋ ಬೀಡಿಗೋ?" ಎಂದು ಮೇಲಿನವರು ಕೂಗುತ್ತಿದ್ದರಂತೆ. ಅವನ ಬಟ್ಟೆ ಕೊಡವಿದರೆ ಉದುರುತ್ತಿದ್ದುದು ತರಿ. ಕೊಳಾಯಿಯ ಹತ್ತಿರ ಅವನ ಹೆಂಡತಿ ಅಂಗಿ ಒಗೆಯುವಾಗ ಬಕೆಟ್ಟಿನ ತಳದಲ್ಲಿ ಮರಳಿನ ಹಾಗೆ ಕೂರುತ್ತಿತ್ತು. ನಾನು ನಗುತ್ತಿದ್ದೆ.

"ಅಲ್ಲ ಕಣಮ್ಮಿ, ನಿಮ್ಮೋರು ಕಲ್ಲು ಕೊರೀತಾರೋ ಉಪ್ಪಿಟ್ಟಿಗೆ ರವೆ ಒಡೀತಾರೋ?"

"ಬುಡಕ್ಕ, ನಮ್ಮೋರಿಗೆ ನಿಮ್ಮ ಯಜಮಾನ್ರ ಕೈ ಎಲ್ಲಿ ಬತ್ತದೆ," ಎನ್ನುತ್ತಿದ್ದಳು. ಅವಳಿಗೆ ಒಳಗೇ ನೋವಾಗುತ್ತಿತ್ತು. ಅದು ನನಗೆ ಕಾಣುತ್ತಿತ್ತು, ಹಿತವಾಗಿಯೂ ಇತ್ತು. ಆಗ ಹೊಟ್ಟೆಕಿಚ್ಚು ಪಡುವ ಸರದಿ ಅವಳದಾಗಿತ್ತು.

ಕೆಮ್ಮು ಬಂದದ್ದು ಯಾವಾಗ ಎಂದು ಹೇಳಲಾರೆ. ಕ್ವಾರಿಯಲ್ಲಿ ಕೆಮ್ಮದವರು ಯಾರು? ಮೆಟ್ಟಿಲು ಹತ್ತುವಾಗ ನಿಲ್ಲತೊಡಗಿದರು. ರಾಗಿ ಮೂಟೆ ಎತ್ತಲು ಬೇರೆಯವರನ್ನು ಕರೆಯತೊಡಗಿದರು. ಮೊದಲು ಕ್ಷಯ ಎಂದು ಮಾತ್ರೆ ತಿಂದದ್ದಾಯಿತು, ಅದರಿಂದ ಏನೂ ಆಗಲಿಲ್ಲ. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಕೂರಿಸಿಕೊಂಡು ಕೇಳಿದರು. ಏನು ಕೆಲಸ, ಎಷ್ಟು ವರ್ಷ, ನೀರು ಹಾಕಿ ಕೊರೆಯುತ್ತೀರಾ, ಒಣಗಲ್ಲನ್ನೇ ಕೊರೆಯುತ್ತೀರಾ.

"ಒಣಗಲ್ಲೇ ಸಾರ್."

"ಪುಡಿ ಹೇಗೆ ಬರುತ್ತೆ? ದಪ್ಪಗಾ, ಸಣ್ಣಗಾ?"

ಇದಕ್ಕೆ ಉತ್ತರ ಕೊಟ್ಟವಳು ನಾನು. "ತುಂಬಾ ಸಣ್ಣಗೆ ಸಾರ್. ಇವರದು ಯಾವಾಗಲೂ ಹಿಟ್ಟಿನ ಹಾಗೆ." ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ದಪ್ಪ ಕಣ ಮೂಗಿನಲ್ಲೇ, ಗಂಟಲಲ್ಲೇ ನಿಂತು ಕಫದ ಜೊತೆ ಹೊರಗೆ ಬರುತ್ತದೆ, ಬಹಳ ಸಣ್ಣದು ಎಲ್ಲಿಯೂ ನಿಲ್ಲದೆ ಎದೆಯ ತಳಕ್ಕೆ ಹೋಗಿ ಕೂರುತ್ತದೆ, ಅಲ್ಲಿಂದ ಬರುವುದಿಲ್ಲ, ಎಂದು ಮೆಲ್ಲಗೆ ಹೇಳಿದರು. ಔಷಧಿಯಿಂದ ತೆಗೆಯುವುದಕ್ಕಾಗುವುದಿಲ್ಲ ಎಂಬುದನ್ನು ಇನ್ನೂ ಮೆಲ್ಲಗೆ ಹೇಳಿದರು.

ವಾಪಸು ಬರುವಾಗ ಕನಕಪುರ ರಸ್ತೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಅವರು ಕೂತಿದ್ದರು. ಹಾರೋಹಳ್ಳಿ ದಾಟಿದ ಮೇಲೆ, ಉಸಿರಿಗೆ ನಿಲ್ಲಿಸಿ ನಿಲ್ಲಿಸಿ ಹೇಳಿದರು.

"ಚೂಪಾಗಿದ್ರೆ ರಾಡು ಕಲ್ಲು ಕಚ್ತದೆ. ಚೂರು ಎದ್ದು ಬತ್ತದೆ. ಮೊಂಡಾದ್ರೆ ಕಚ್ಚಕ್ಕಾಗಲ್ಲ... ಒಂದೇ ಕಡೆ ಕುಂತು ಅರೀತದೆ. ನಾವು ಎದೆ ಕೊಟ್ಟು ಅದುಮ್ತೀವಿ, ಅದು ಇನ್ನೂ ಅರೀತದೆ. ನಾನು ಕೊರೀತಾ ಇರ್ಲಿಲ್ಲ ಕಣಮ್ಮಿ. ಬೀಸ್ತಾ ಇದ್ದೆ."

ಮಿಲ್ಲಿನ ಲೆಕ್ಕ ಬಂಡೆಯ ಮೇಲೆ ತಿರುವುಮುರುವು ಎಂಬುದು ಆ ಬಸ್ಸಿನಲ್ಲಿ ನನಗೆ ತಿಳಿಯಿತು. ನಮ್ಮಲ್ಲಿ ಹರಿತಕ್ಕೆ ನುಣುಪು, ಅಲ್ಲಿ ಹರಿತಕ್ಕೆ ತರಿ. ಟವೆಲ್ಲಿನ ಗಂಟಿನ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆಮೇಲೆ ಹನ್ನೊಂದು ತಿಂಗಳು ಇದ್ದರು. ಅಷ್ಟು ದಿನದಲ್ಲಿ ಒಮ್ಮೆಯೂ ಎತ್ತಲಿಲ್ಲ.

ಅವರು ಹೋದ ಮೇಲೆ ಪಕ್ಕದ ಮನೆಯವಳು ನನ್ನನ್ನು ಒಬ್ಬಳೇ ಬಿಡಲಿಲ್ಲ. ತಿಥಿಯವರೆಗೂ ಅಡುಗೆ ಅವಳದೇ. ಅವಳು ಒಳ್ಳೆಯವಳು ಎಂಬುದರಿಂದ ನನ್ನ ಉರಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅವಳ ಗಂಡ ಮಿಲ್ಲಿಗೆ ರಾಗಿ ಮೂಟೆಯನ್ನು ತಾನೇ ಹೆಗಲ ಮೇಲೆ ಹೊತ್ತು ತರುತ್ತಾನೆ. ತಂದು ಇಳಿಸಿ, ಏದುಸಿರಿಲ್ಲದೆ ಮಾತಾಡುತ್ತಾನೆ. ಬಿಸಿ ಟೀಯನ್ನು ಊದಿ ಕುಡಿಯುತ್ತಾನೆ. ಬೀದಿಯ ಆ ತುದಿಯಿಂದ ಹೆಂಡತಿಯನ್ನು ಕೂಗುತ್ತಾನೆ. ಅವಳು ಒಂದು ದಿನ ಮಿಲ್ಲಿನ ಕಟ್ಟೆಯ ಮೇಲೆ ಕೂತು, "ನಮ್ಮೋರ ಗೊರಕೆಗೆ ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಕಣಕ್ಕ," ಎಂದಳು. ನಾನು ಬೆಲ್ಟು ಸರಿ ಮಾಡುವ ನೆಪದಲ್ಲಿ ಒಳಗೆ ಹೋದೆ. ಇನ್ನೂ ಒಂದು ನಿಮಿಷ ಅಲ್ಲಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಕ್ವಾರಿಯಲ್ಲಿ ಸಾಣೆ ಹಿಡಿಯುತ್ತಿದ್ದ ಮುದುಕ ಕೆಲಸ ಬಿಟ್ಟು ತನ್ನ ಊರಿಗೆ ಹೋದ. ಸಾಣೆಯ ಚಕ್ರ ಒಡೆದಿತ್ತು, ಕಂಪನಿಯವರು ಹೊಸದು ತರಿಸಲಿಲ್ಲ. ಇದ್ದ ರಾಡಿನಲ್ಲೇ ಹೊಡೆಯಿರಿ ಎಂದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲು ತಿಳಿದದ್ದು ಪಕ್ಕದ ಮನೆಯವನ ಕೈಯಿಂದ. ಕೆಲಸ ಮುಗಿಸಿ ನೇರ ಮಿಲ್ಲಿಗೆ ಬಂದವನು ಮೂಟೆ ಇಳಿಸಿ ತೋಳು ಕೊಡವಿದ. ಬಾಗಿಲಿನಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕೊಡವಿದ ಪುಡಿ ಕೆಳಗೆ ಬೀಳಲಿಲ್ಲ. ಆ ಬಿಸಿಲಿನಲ್ಲಿ ಹೊಗೆಯ ಹಾಗೆ ನಿಂತೇ ಇತ್ತು. ಅವನು ಹೋದ ಮೇಲೆ ಕಟ್ಟೆಯ ಮೇಲೆ ಅವನು ಕೈ ಊರಿದ್ದ ಜಾಗದಲ್ಲಿ ಬೆರಳಿಟ್ಟು ಉಜ್ಜಿದೆ. ತರಿ ಇರಲಿಲ್ಲ.

ನನಗೆ ಅರ್ಥವಾಯಿತು. ಸುಮ್ಮನಿದ್ದೆ.

ಮರುವಾರವೂ ಸುಮ್ಮನಿದ್ದೆ. ಅದರ ಮರುವಾರವೂ. ಹೇಳಲು ಸಮಯ ಸಿಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ದಿನಾ ಕೊಳಾಯಿಯಲ್ಲಿ ಅವಳ ಪಕ್ಕದಲ್ಲೇ ಕೊಡ ಇಡುತ್ತಿದ್ದೆ. ಅವಳ ಬಕೆಟ್ಟಿನ ನೀರು ಮಜ್ಜಿಗೆಯಂತೆ ಬೆಳ್ಳಗಿರುತ್ತಿತ್ತು, ಚೆಲ್ಲಿದರೆ ತಳದಲ್ಲಿ ಏನೂ ಉಳಿಯುತ್ತಿರಲಿಲ್ಲ. ನೋಡುತ್ತಿದ್ದೆ. ಅವಳೂ ಒಂದು ದಿನ ಬೆನ್ನು ನೀವಲಿ, ದಿಂಬಿನ ಮೇಲೆ ದಿಂಬು ಇಟ್ಟು ಕೂರಿಸಲಿ, ಸೀನಿಗೆ ಕಾಯಲಿ. ಆಗ ನಾವಿಬ್ಬರೂ ಸರಿಸಮವಾಗುತ್ತೇವೆ. ಈ ಮಾತು ನನ್ನ ಮನಸ್ಸಿನಲ್ಲಿ ಬಂದು ಹೋಯಿತು ಎಂದು ಹೇಳುವುದಿಲ್ಲ. ಅದು ಬಂದು ಮೂರು ವಾರ ಇತ್ತು.

ನಾಲ್ಕನೆಯ ವಾರ ಅವಳು ರಾಗಿ ತಂದವಳು ಸೆರಗಿನ ತುದಿಯ ಗಂಟು ಬಿಚ್ಚಿ, ಅದರಲ್ಲಿದ್ದ ಕಲ್ಲಿನ ಪುಡಿಯನ್ನು ಅಂಗೈಗೆ ಸುರಿದುಕೊಂಡಳು. ಮಿಲ್ಲಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಅಕ್ಕ, ಕೈ ಕೊಡಿ ಒಸಿ. ನೋಡಿ. ಈಗ ನಮ್ಮೋರೂ ನಿಮ್ಮೋರಂಗೇ ನೈಸಾಗಿ ತೆಗೀತಾರೆ. ಮೇಸ್ತ್ರಿ ಹೊಗಳಿದ್ರಂತೆ ಕಣಕ್ಕ, ಒಂದೇ ರಾಡಲ್ಲಿ ದಿನ ತಳ್ತಾರೆ ಅಂತ. ನೀವಾಗ ರವೆ ಅಂತ ಆಡ್ಕೋತಿದ್ರಲ್ಲ."

ಅವಳ ಮುಖದಲ್ಲಿ ನಗು ಇತ್ತು. ಇಷ್ಟು ವರ್ಷ ಕಾದು ಗೆದ್ದವಳ ನಗು. ನನ್ನ ಗಂಡ ಹೋದದ್ದು ಧೂಳಿನಿಂದ ಎಂದು ಊರಿಗೆಲ್ಲ ಗೊತ್ತು. ಆದರೆ ಯಾವ ಧೂಳು, ಯಾವುದರಿಂದ ಎದ್ದ ಧೂಳು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ಹೊಗಳಿಕೆಯೂ ಅದರಲ್ಲಿ ಬರುತ್ತಿತ್ತು.

ಆ ಪುಡಿ ಕಂಡಾಗ ಮೊದಲು ನನಗೆ ಬಂದದ್ದು ಕರುಣೆಯಲ್ಲ. ಇದೂ ಇವಳಿಗೆ ಬೇಕಾಯಿತೇ ಎನಿಸಿತು. ಮೇಸ್ತ್ರಿಯ ಆ ಹೊಗಳಿಕೆ ನನ್ನ ಗಂಡನದು. ಅವರು ಪ್ರಾಣ ಕೊಟ್ಟು ತೆಗೆದುಕೊಂಡದ್ದು. ಅವಳ ಕೈ ಹಿಡಿದು ಪುಡಿಯನ್ನೆಲ್ಲ ನೆಲಕ್ಕೆ ಝಾಡಿಸಿದೆ.

"ಇದು ಹೆಮ್ಮೆ ಪಡೋದಲ್ಲ ಕಣೆ. ಅವನಿಗೆ ಹೇಳು, ಮೊಂಡು ರಾಡಲ್ಲಿ ಹೊಡೀಬ್ಯಾಡ ಅಂತ. ರಾಡು ಬದಲಾಯಿಸ್ಲಿ, ಇಲ್ಲ ಬಂಡೆ ಹತ್ತದೇ ಬ್ಯಾಡ."

ಅವಳು ಕೈ ಕಿತ್ತುಕೊಂಡಳು. "ಯಾಕಕ್ಕ? ನಿಮ್ಮೋರು ಮಾಡ್ದಾಗ ಊರಿಗೆಲ್ಲ ತೋರಿಸ್ಕೊಂಡು ಬಂದ್ರಿ. ನಮ್ಮೋರು ಮಾಡಿದ್ರೆ ಹೊಟ್ಟೆ ಉರೀತದಾ ನಿಮಗೆ?"

"ಹ್ಞೂಂ, ಉರೀತದೆ," ಎಂದೆ. "ಅವನು ಸೀನಿದ್ರೆ ಉರೀತದೆ. ಮೂಟೆ ಹೊತ್ರೆ ಉರೀತದೆ. ದಿನಾ ಉರೀತದೆ. ಆದ್ರೂ ಹೇಳ್ತಾವ್ನಿ, ಕೇಳು."

ಅವಳು ಕೇಳಲಿಲ್ಲ. ಬೀಸದ ರಾಗಿಯನ್ನು ಹಾಗೇ ತಲೆಯ ಮೇಲಿಟ್ಟುಕೊಂಡು ಹೋದಳು. ಮರುದಿನದಿಂದ ಕೊಳಾಯಿಗೆ ನಾನು ಬರುವ ಹೊತ್ತು ತಪ್ಪಿಸಿ ಬರತೊಡಗಿದಳು. ರಾಗಿ ಪಕ್ಕದೂರಿನ ಮಿಲ್ಲಿಗೆ ಹೋಗತೊಡಗಿತು.

ಐದಾರು ದಿನ ಕಳೆದು ಅವನೇ ಬಂದ. ಕಟ್ಟೆಯ ಮೇಲೆ ಕೂರಲಿಲ್ಲ, ನಿಂತೇ ಇದ್ದ.

"ಅತ್ತಿಗಮ್ಮ, ಅಣ್ಣಂಗೆ ಡಾಕ್ಟ್ರು ಏನಂದ್ರು? ಇದ್ದಂಗೆ ಹೇಳಿ."

ಇದ್ದ ಹಾಗೆ ಹೇಳಿದೆ. ದಪ್ಪ ಕಣ, ಸಣ್ಣ ಕಣ, ಬಸ್ಸಿನಲ್ಲಿ ಅವರು ಅಂದ ಮಾತು, ಎಲ್ಲವನ್ನೂ. ಮಿಲ್ಲು ನಿಲ್ಲಿಸಿದ್ದೆ, ಆದರೂ ಜೋರಾಗಿ ಮಾತಾಡುತ್ತಿದ್ದೆ. ಅವನು ತಲೆ ಬಗ್ಗಿಸಿ ಕೇಳಿದ. ಆಮೇಲೆ ಹೇಳಿದ:

"ನಾನು ಆವಾಗ್ಲೇ ಅಣ್ಣಂಗೆ ಏಳ್ತಿದ್ದೆ, ಸಾಣೆ ಹಿಡಿಸ್ಕಳಣ್ಣ, ಮೊಂಡು ರಾಡು ಕೈಗೆ ವದೀತದೆ ಅಂತ. ನಂಗೇನು ಧೂಳಿನ ಇಚಾರ ಗೊತ್ತಿತ್ತಾ? ಮಣಿಕಟ್ಟು ನೋಯ್ತದೆ ಅಂತ ಬದಲಾಯಿಸ್ತಿದ್ದೆ, ಅಷ್ಟೇಯ. ಅಣ್ಣ ನಗೋನು. 'ಸುಮ್ಕಿರ್ಲಾ, ಮನೇಲಿ ನೈಸು ಕೇಳ್ತಾಳೆ,' ಅನ್ನೋನು."

ಅವನಿಗೆ ತಾನು ಏನು ಹೇಳಿದೆ ಎಂಬುದು ಹೇಳಿದ ಮೇಲೆ ಗೊತ್ತಾಯಿತು. "ತಮಾಸೆಗೆ ಕಣತ್ತಿಗಮ್ಮ," ಎಂದ. ಇನ್ನೊಮ್ಮೆ, "ತಮಾಸೆಗೆ ಅಂತಿದ್ದ," ಎಂದ. ನಾನು ಜರಡಿ ತೆಗೆದು ಗೋಡೆಗೆ ತೂಗುಹಾಕಿದೆ. ಮತ್ತೆ ಇಳಿಸಿದೆ. ಅವನು ಹೋದ.

ಇವನನ್ನು ಉಳಿಸಿದ್ದು ಬುದ್ಧಿಯಲ್ಲ, ಪುಣ್ಯವಲ್ಲ, ನೋಯುವ ಮಣಿಕಟ್ಟು. ನನ್ನ ಗಂಡನ ಮಣಿಕಟ್ಟು ಗಟ್ಟಿಯಾಗಿತ್ತು, ನೋವನ್ನು ತಡೆಯುತ್ತಿತ್ತು, ಮನೆಯಲ್ಲಿ ಹೊಗಳುವವಳು ಒಬ್ಬಳಿದ್ದಳು. ಪಕ್ಕದ ಮನೆಯವಳು ಆ ವರ್ಷಗಳಲ್ಲಿ ಒಮ್ಮೆಯೂ ಗಂಡನನ್ನು ಹೊಗಳಿರಲಿಲ್ಲ. ಸೋಂಬೇರಿ ಎಂದು ಬೈದಳು, ಅವನು ಬದುಕಿದ. ಆ ದಿನ ನನಗೆ ಅವಳ ಬೈಗುಳದ ಮೇಲೂ ಅಸೂಯೆ ಹುಟ್ಟಿತು.

ಮರುದಿನ ಅವನು ಕ್ವಾರಿಗೆ ಹೋದವನು ಬಂಡೆ ಹತ್ತಲಿಲ್ಲವಂತೆ. ಸಾಣೆಯ ಚಕ್ರ ಬರಲಿ, ಇಲ್ಲ ಹೊಸ ರಾಡು ಬರಲಿ, ಎಂದು ಕೆಳಗೇ ಕೂತ. ಇನ್ನು ಮೂವರು ಅವನ ಜೊತೆ ಕೂತರು. ಎರಡು ದಿನ ಮಾತುಕತೆಯಾಗಿ ಬೇರೆ ನಮೂನೆಯ ರಾಡುಗಳನ್ನು ತರಿಸಿದರು. ಅವುಗಳ ತುದಿಯಲ್ಲಿ ಅಲಗಿನ ಬದಲು ಕಡಲೆಕಾಳಿನಂಥ ಗುಂಡುಗಳು ಕೂತಿವೆ. ಒಂದೊಂದು ಗುಂಡೂ ಕಲ್ಲನ್ನು ಒತ್ತಿ ಚಕ್ಕೆ ಎಬ್ಬಿಸುತ್ತದೆ, ಬೇಗ ಮೊಂಡಾಗುವುದಿಲ್ಲ, ಆದರೆ ಗುಂಡು ಸವೆದು ಚಪ್ಪಟೆಯಾದರೆ ಇದೂ ಅರೆಯುತ್ತದೆ, ಬಿಸಾಡಬೇಕು. ಧೂಳು ಇಲ್ಲವೇ ಇಲ್ಲ ಎಂದಲ್ಲ. ತೂತಿನ ಬಾಯಿಗೆ ನೀರಿನ ಸಣ್ಣ ಪೈಪನ್ನೂ ಕೇಳಿ ಹಾಕಿಸಿಕೊಂಡರು. ಇದನ್ನೆಲ್ಲ ನನಗೆ ಹೇಳಿದ್ದು ಅವನೇ, ದಾರಿಯಲ್ಲಿ ಬೈಕು ನಿಲ್ಲಿಸಿ. ಅವನ ಹೆಂಡತಿ ಹಿಂದೆ ಕೂತಿದ್ದಳು, ಬೇರೆ ಕಡೆ ನೋಡುತ್ತಿದ್ದಳು. ಎದೆ ಪರೀಕ್ಷೆ ಮಾಡಿಸಲು ಕನಕಪುರಕ್ಕೆ ಹೊರಟಿದ್ದರು.

ಅವರ ಬೈಕು ಹೋದ ಮೇಲೆ ದಿನವಿಡೀ ಮಿಲ್ಲಿನಲ್ಲಿ ನನ್ನ ಕೈ ಓಡಲಿಲ್ಲ. ಏನೂ ಆಗಿರದಿರಲಿ ಎಂದು ದೇವರಿಗೆ ಕೈ ಮುಗಿದೆ, ಮನಸ್ಸಿನಿಂದಲೇ ಮುಗಿದೆ. ಮುಗಿದ ಕೈ ಇಳಿಸುವಷ್ಟರಲ್ಲಿ, ಏನೂ ಆಗಿಲ್ಲವೆಂದರೆ ಹೇಗೆ ತಡೆದುಕೊಳ್ಳುವುದು ಎಂಬ ಭಯವೂ ಬಂತು.

ಇಳಿಹೊತ್ತಿಗೆ ಅವಳು ಒಬ್ಬಳೇ ಮಿಲ್ಲಿಗೆ ಬಂದಳು. ತಿಂಗಳ ನಂತರ ಬಂದದ್ದು. ಕೈಯಲ್ಲಿ ದೊಡ್ಡ ಕಂದು ಕವರು.

"ಡಾಕ್ಟ್ರು ಸದ್ಯಕ್ಕೆ ತೊಂದ್ರೆ ಇಲ್ಲ ಅಂದ್ರು. ವರ್ಷ ವರ್ಷ ಬರಬೇಕಂತೆ," ಎಂದಳು. ಕವರನ್ನು ನನ್ನತ್ತ ಚಾಚಿ, "ನೀವು ಒಂದ್ಸಲ ನೋಡಿ ಅಕ್ಕ. ನಿಮಗೆ ಗೊತ್ತಾಗ್ತದೆ," ಎಂದಳು.

ನನಗೆ ಗೊತ್ತಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ನನ್ನ ಗಂಡನ ಎದೆಯ ಫೋಟೋಗಳನ್ನು ನಾನು ಎಷ್ಟು ಸಲ ಬೆಳಕಿಗೆ ಹಿಡಿದಿದ್ದೆನೋ. ಅವುಗಳಲ್ಲಿ ಕಪ್ಪಿರಬೇಕಾದ ಜಾಗದಲ್ಲೆಲ್ಲ ಬಿಳಿ ಚುಕ್ಕೆ ಎರಚಿದಂತಿತ್ತು, ಕೊನೆಕೊನೆಗೆ ಚುಕ್ಕೆಗಳು ಕೂಡಿ ಹೆಪ್ಪುಗಟ್ಟಿದ್ದವು. ಕವರಿನಿಂದ ಹಾಳೆ ತೆಗೆದು ಬಾಗಿಲ ಬೆಳಕಿಗೆ ಹಿಡಿದೆ. ಪಕ್ಕೆಲುಬುಗಳ ಹಿಂದೆ ಎರಡು ಕಡೆಯೂ ಕಪ್ಪು. ಮೇಲೊಂದು ಕಡೆ ತುಸು ಮಸುಕು, ಬಿಟ್ಟರೆ ಕೆಳಗಿನವರೆಗೂ ಕಪ್ಪು. ಗಾಳಿ ತುಂಬಿದ ಎದೆ ಹೀಗಿರುತ್ತದೆ.

"ಚೆನ್ನಾಗೈತೆ," ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಳೆಗಾಗಿ ಕೈ ಚಾಚಿದಳು. ನಾನು ಕೊಡಲಿಲ್ಲ. ಕೊಡಬಾರದೆಂದಲ್ಲ, ಕೈ ಇಳಿಯಲಿಲ್ಲ. ಇಂಥದ್ದೊಂದು ಹಾಳೆ ಒಂದೇ ಒಂದು ಸಲ ನನ್ನ ಕೈಗೂ ಬಂದಿದ್ದರೆ ಎಂದು ಆಸೆಯಾಯಿತು.

"ಕೊಡಕ್ಕ," ಎಂದಳು ಮೆಲ್ಲಗೆ.

"ಇರು. ಇನ್ನೊಂದ್ಸಲ ನೋಡಿ ಕೊಡ್ತೀನಿ."

ಅವಳು ಚಾಚಿದ ಕೈ ಹಿಂದೆಗೆದುಕೊಂಡು ಕಟ್ಟೆಯ ಮೇಲೆ ಕೂತಳು.